14ನೇ ನಡೆಗೇ ಡ್ರಾ: ತಪ್ಪು ಓಪನಿಂಗಿನದೇ?

ಪ್ರಶ್ನೆ: ಹುಬ್ಬಳ್ಳಿಯ ಚೆಸ್ ಟೂರ್ನಿಯಲ್ಲಿ ಬಿಳಿ ಕಾಯಿಗಳಿಂದ ರುಯ್ ಲೋಪೆಜ್ ಓಪನಿಂಗ್ (ಆರಂಭದ ನಡೆಗಳ ಒಂದು ಕ್ರಮ) ಆಡಿದ ನನ್ನ ಮಗನ ಆಟ ಬಲುಬೇಗ ಡ್ರಾ ಆಯಿತು. ಎದುರಾಳಿಯು 14ನೇ ನಡೆಯನ್ನು ಆಡದೆ, ಸ್ಕೋರ್‌ಶೀಟಿನಲ್ಲಿ ಬರೆದು, ಗಡಿಯಾರ ನಿಲ್ಲಿಸಿ ಆರ್ಬಿಟರನ್ನು (ತೀರ್ಪುಗಾರರನ್ನು) ಕರೆದ. ಇದು ಸರಿಯೇ? ಮಗ ಈ ಓಪನಿಂಗ್ ಬಿಡಬೇಕೇ?
– ಪಾಲಕರು, ಗದಗ

ಉತ್ತರ: ನೀವು ಕಳಿಸಿದ ಸ್ಕೋರ್‌ಶೀಟಿನ ಪ್ರಕಾರ ಎದುರಾಳಿ ಮಾಡಿದ್ದು ನಿಯಮಬದ್ಧವಾಗಿದೆ. ತನ್ನ ನಡೆಯಿಂದ ಒಂದೇ ಸ್ಥಿತಿ ಮೂರನೇ ಸಲ ಬರುವುದಿದ್ದರೆ, ಆಟಗಾರನು ಆ ನಡೆಯನ್ನು ಬರೆದು, ಕಾಯಿ ಮುಟ್ಟುವ ಮೊದಲೇ ಡ್ರಾ ಕೇಳಬೇಕು. ಆಡಿಬಿಟ್ಟರೆ ಕೇಳುವ ಹಕ್ಕು ನಿಮ್ಮ ಮಗನಿಗೆ ಹೋಗುತ್ತಿತ್ತು. ಕಪ್ಪು ರಾಣಿ ಡಿ6 ಎಂಬ ಮನೆಗೆ ಬಂದದ್ದು 10 ಮತ್ತು 12ನೇ ನಡೆಗಳಲ್ಲಿ. 14ರಲ್ಲಿ ಬಂದರೆ ಮೂರನೇ ಸಲ. ಲೆಕ್ಕ ತಪ್ಪಿದ್ದರೆ ನಿಮ್ಮ ಮಗನಿಗೆ 2 ನಿಮಿಷ ಹೆಚ್ಚುವರಿ ಸಿಗುತ್ತಿತ್ತು.

ಓಪನಿಂಗಿನ ವಿಷಯವೇ ಹೆಚ್ಚು ಸ್ವಾರಸ್ಯಕರ. ಎದುರಾಳಿ ಆಡಿದ್ದು ಬರ್ಲಿನ್ ಡಿಫೆನ್ಸ್, ಅಂದರೆ ರುಯ್ ಲೋಪೆಜ್‌ಗೆ ಕಪ್ಪು ಕಾಯಿಯವರು ಕೊಡುವ ಒಂದು ಉತ್ತರ. 2000ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕ್ರಾಮ್ನಿಕ್ ಇದನ್ನೇ ಹಿಡಿದು ಕಾಸ್ಪರೋವ್ ಅವರಿಗೆ ಒಂದೂ ಗೆಲುವು ಬಿಡದೆ 8.5–6.5ರಿಂದ ಪಟ್ಟ ಗೆದ್ದರು. ಅಲ್ಲಿ ಬಿಳಿಯವರು 6ನೇ ನಡೆಯಲ್ಲಿ ಒಂಟೆಯಿಂದ ಸಿ6ರ ಕುದುರೆಯನ್ನು ಹೊಡೆಯುತ್ತಾರೆ, ರಾಣಿಗಳಿಲ್ಲದ ದೀರ್ಘ ಹೋರಾಟ ಶುರುವಾಗುತ್ತದೆ. ನಿಮ್ಮ ಮಗ ಅದರ ಬದಲು ಕಾಲಾಳಿನಿಂದ ಇ5ನ್ನು ಹೊಡೆದಿದ್ದಾನೆ. ಈ ದಾರಿ ಬಲ್ಲವರಿಗೆ ಡ್ರಾ ಎದುರಿಗೇ ಕಾಣುತ್ತದೆ.

11ನೇ ನಡೆಯ ಸ್ಥಿತಿ ನೋಡಿ. ಬಿಳಿ ರಾಣಿ ಇ4ರಿಂದ ಚೆಕ್ ಕೊಟ್ಟಾಗ ಕಪ್ಪು ರಾಣಿ ಇ6ಕ್ಕೆ ಬರುತ್ತದೆ. ಅಲ್ಲಿ ರಾಣಿಗಳನ್ನು ಬದಲಿಸಿಕೊಂಡರೆ ಕಪ್ಪಿಗೆ ಎರಡು ಒಂಟೆಗಳ ಜೋಡಿ ಉಳಿದು, ಒಂಟೆ-ಕುದುರೆ ಉಳಿದ ಬಿಳಿಗೆ ಗೆಲ್ಲುವ ಆಸೆಯೇನೂ ಇರದು. ಆದ್ದರಿಂದ ರಾಣಿಯನ್ನು ಡಿ4ಕ್ಕೆ ಹಿಂತೆಗೆದು, ಇ1ಕ್ಕೆ ಆನೆ ತಂದು ಕಪ್ಪು ರಾಣಿಯನ್ನು ರಾಜನೆದುರು ಕಟ್ಟಿಹಾಕುವ ಬೆದರಿಕೆ ಒಡ್ಡುತ್ತಾರೆ. ಕಪ್ಪು ರಾಣಿ ಮತ್ತೆ ಡಿ6ಕ್ಕೆ, ಮತ್ತೆ ಚೆಕ್, ಮತ್ತೆ ಇ6.

ರುಯ್ ಲೋಪೆಜ್ ಬಿಡುವ ಅಗತ್ಯ ಕಾಣುವುದಿಲ್ಲ. ಬೆಳೆಯುವ ಹುಡುಗನಿಗೆ ಹೀಗೆ ಮುಗಿದ ಆಟದಿಂದ ಅರ್ಧ ಅಂಕ ಸಿಕ್ಕೀತು, ಅನುಭವ ಸಿಗದು. 4ನೇ ನಡೆಯಲ್ಲಿ ಕ್ಯಾಸಲ್ ಮಾಡುವ (ರಾಜ-ಆನೆಗಳನ್ನು ಒಂದೇ ನಡೆಯಲ್ಲಿ ಸರಿಸುವ) ಬದಲು ಕಾಲಾಳನ್ನು ಡಿ3ಕ್ಕೆ ತಂದರೆ ಇ4ರ ಕಾಲಾಳಿಗೆ ಕಾವಲು ಸಿಗುತ್ತದೆ, ಕಾಯಿಗಳೆಲ್ಲ ಹಲಗೆಯ ಮೇಲೇ ಉಳಿಯುತ್ತವೆ. ಮುಂದಿನ ಟೂರ್ನಿಗೆ ಅದನ್ನೇ ಆಡಿಸಿ ನೋಡಿ.