ಕೇಂದ್ರೀಯ ಬಲದ ಲೆಕ್ಕ ಬರುತ್ತದೆ, ಸ್ಕ್ಯಾಟರಿಂಗ್ ಬಂದರೆ ತೋಚುವುದಿಲ್ಲ. ಎಲ್ಲಿಂದ ಹಿಡಿಯಬೇಕು?

ಗ್ರಹದ ಕಕ್ಷೆ ಬಿಡಿಸಬಲ್ಲೆ, ಇಂಪ್ಯಾಕ್ಟ್ ಪ್ಯಾರಾಮೀಟರ್, ಕ್ರಾಸ್ ಸೆಕ್ಷನ್ ಎಂದ ಕೂಡಲೇ ಕೈ ನಿಲ್ಲುತ್ತದೆ ಎಂದು ಕೇಳಿದ್ದೀರಿ. ಎರಡೂ ಒಂದೇ ಲೆಕ್ಕ. ಗ್ರಹದ ಒಟ್ಟು ಶಕ್ತಿ ಋಣ, ಅದು ಸಿಕ್ಕಿಬಿದ್ದಿದೆ. ಸ್ಕ್ಯಾಟರಿಂಗ್‌ನಲ್ಲಿ ಶಕ್ತಿ ಧನ, ಕಣ ದೂರದಿಂದ ಬಂದು, ಬಾಗಿ, ಮತ್ತೆ ದೂರ ಹೋಗುತ್ತದೆ. ಹೊಸದಾಗಿ ಕಲಿಯಬೇಕಾದದ್ದು ಒಂದೇ: ಎಷ್ಟು ಪಕ್ಕಕ್ಕೆ ಸರಿದು ಬಂದ ಕಣ ಎಷ್ಟು ಕೋನ ತಿರುಗಿತು ಎಂಬ ಸಂಬಂಧ.

ಮೊದಲು ಬುನಾದಿ. ಬಲ ಕೇಂದ್ರದ ಗೆರೆಯಲ್ಲೇ ಇರುವುದರಿಂದ ಟಾರ್ಕ್ ಸೊನ್ನೆ, ಕೋನೀಯ ಸಂವೇಗ ಎಲ್ ಬದಲಾಗುವುದಿಲ್ಲ, ಚಲನೆ ಒಂದೇ ಸಮತಲದಲ್ಲಿ ನಡೆಯುತ್ತದೆ. ಶಕ್ತಿಯ ಸಮೀಕರಣದಲ್ಲಿ ಕೋನೀಯ ವೇಗದ ಜಾಗಕ್ಕೆ ಎಲ್/(ಎಂ ಆರ್²) ಹಾಕಿದರೆ ಎಫೆಕ್ಟಿವ್ ಪೊಟೆನ್ಶಿಯಲ್ ಸಿಗುತ್ತದೆ (ಎಂ ದ್ರವ್ಯರಾಶಿ, ಆರ್ ಕೇಂದ್ರದಿಂದ ದೂರ, ಯು ಪ್ರಚ್ಛನ್ನ ಶಕ್ತಿ):

ಯು(ಆರ್) + ಎಲ್²/(2 ಎಂ ಆರ್²)

ಬಹಳ ಜನ ಎಡವುವುದು ಇಲ್ಲೇ. ಇದೇ ಬದಲಾವಣೆಯನ್ನು ಲಗ್ರಾಂಜಿಯನ್‌ನಲ್ಲಿ (ಚಲನ ಶಕ್ತಿಯಿಂದ ಪ್ರಚ್ಛನ್ನ ಶಕ್ತಿ ಕಳೆದದ್ದು) ಮೊದಲೇ ಮಾಡಿಬಿಟ್ಟರೆ ಎರಡನೇ ಪದದ ಚಿಹ್ನೆ ತಿರುಗಿ, ಹೊರಕ್ಕೆ ತಳ್ಳಬೇಕಾದದ್ದು ಒಳಕ್ಕೆ ಎಳೆಯುತ್ತದೆ. ಲಗ್ರಾಂಜಿಯನ್‌ನ ಅವಕಲನವನ್ನು ಕೋನೀಯ ವೇಗ ಸ್ಥಿರ ಎಂದು ಹಿಡಿದು ಮಾಡಬೇಕು. ಎಲ್ ಸ್ಥಿರ ಎಂದು ಹಿಡಿದರೆ ಉತ್ತರವೇ ಬೇರೆ. ಮೊದಲು ಚಲನೆಯ ಸಮೀಕರಣ ಬರೆಯಿರಿ, ಎಲ್ ಆಮೇಲೆ ತುಂಬಿ.

ಈಗ ಇಂಪ್ಯಾಕ್ಟ್ ಪ್ಯಾರಾಮೀಟರ್, ಬಿ. ಬಲವೇ ಇಲ್ಲದಿದ್ದರೆ ಕಣ ನೇರವಾಗಿ ಹೋಗುತ್ತಿತ್ತು. ಆ ನೇರ ಗೆರೆ ಕೇಂದ್ರದಿಂದ ಎಷ್ಟು ದೂರದಲ್ಲಿ ಹಾಯುತ್ತಿತ್ತೋ ಅದೇ ಬಿ. ಕಣ ನಿಜವಾಗಿ ಕೇಂದ್ರಕ್ಕೆ ಅತಿ ಹತ್ತಿರ ಬರುವ ದೂರ ಇದಲ್ಲ, ಎರಡನ್ನೂ ಕಲಸಬೇಡಿ. ದೂರದಲ್ಲಿ ಕಣದ ವೇಗ ವಿ, ಒಟ್ಟು ಶಕ್ತಿ ಇ ಎಂದಿಟ್ಟರೆ ಎಲ್ = ಎಂ ವಿ ಬಿ, ಇ = ½ ಎಂ ವಿ² ಆದ್ದರಿಂದ ಎಲ್²/2ಎಂ ಅಂದರೆ ಇ ಬಿ². ಅತಿ ಹತ್ತಿರದ ದೂರ ಈ ಸಮೀಕರಣದ ಅತಿ ದೊಡ್ಡ ಮೂಲ:

1 − ಬಿ²/ಆರ್² − ಯು/ಇ = 0

ಆ ಬಿಂದುವಿನಿಂದ ಅನಂತದವರೆಗೆ (ಬಿ/ಆರ್²) ಭಾಗಿಸು √(1 − ಬಿ²/ಆರ್² − ಯು/ಇ) ಇದನ್ನು ಅನುಕಲಿಸಿದರೆ ಸೈ ಎಂಬ ಕೋನ ಬರುತ್ತದೆ. ಇದು ಅರ್ಧ ದಾರಿಯ ಲೆಕ್ಕ ಮಾತ್ರ. ಹೋಗುವ ದಾರಿ ಬಂದ ದಾರಿಯ ಪ್ರತಿಬಿಂಬವಾದ್ದರಿಂದ ತಿರುಗಿದ ಕೋನ ಥೀಟಾ = π − 2 ಸೈ. ಯು = 0 ಹಾಕಿ ನೋಡಿ: ಸೈ = π/2, ಥೀಟಾ = 0. ಈ ತಾಳೆ ನೋಡದೆ ಮುಂದೆ ಹೋಗಬೇಡಿ. ಕಂಪ್ಯೂಟರಿನಲ್ಲಿ ಅನುಕಲಿಸುವವರಿಗೊಂದು ಮಾತು: ಕೆಳಗಿನ ಮಿತಿಯಲ್ಲಿ ಛೇದ ಸೊನ್ನೆಯಾಗುವುದರಿಂದ ನೇರವಾಗಿ ಹಾಕಿದರೆ ಉತ್ತರ ಕೆಡುತ್ತದೆ. 1/ಆರ್ ಅನ್ನು ಅದರ ಗರಿಷ್ಠ ಬೆಲೆ × (1 − ಡಬ್ಲ್ಯು²) ಎಂದು ಬರೆದು, ಡಬ್ಲ್ಯು ಮೇಲೆ 0ಯಿಂದ 1ರವರೆಗೆ ಅನುಕಲಿಸಿದರೆ ಆ ತೊಡಕು ಸಾಮಾನ್ಯವಾಗಿ ನಿವಾರಣೆಯಾಗುತ್ತದೆ.

ಕ್ರಾಸ್ ಸೆಕ್ಷನ್ ಅಂದರೆ ಬರೀ ಎಣಿಕೆಯ ಲೆಕ್ಕ. ಬಿ ಮತ್ತು ಬಿ + ಡಿಬಿ ನಡುವಿನ ಉಂಗುರದ ವಿಸ್ತೀರ್ಣ 2π ಬಿ ಡಿಬಿ. ಅದರ ಮೂಲಕ ಬಂದ ಕಣಗಳೆಲ್ಲ 2π ಸೈನ್ ಥೀಟಾ ಡಿಥೀಟಾ ಎಂಬ ಘನಕೋನಕ್ಕೆ ಹೋಗುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: (ಬಿ/ಸೈನ್ ಥೀಟಾ) × |ಡಿಬಿ/ಡಿಥೀಟಾ|. ಸಾಮಾನ್ಯವಾಗಿ ಬಿ ಹೆಚ್ಚಿದಂತೆ ಥೀಟಾ ಕಡಿಮೆಯಾಗುವುದರಿಂದ ಅವಕಲನ ಋಣವಾಗಿ ಬರುತ್ತದೆ, ಆ ಎರಡು ಗೆರೆ ಅದಕ್ಕೇ. ಬೇರೆಬೇರೆ ಬಿ ಗಳು ಒಂದೇ ಥೀಟಾಕ್ಕೆ ಹೋಗುವುದಾದರೆ ಪ್ರತಿಯೊಂದರ ಪಾಲನ್ನೂ ಕೂಡಿಸಬೇಕು. ಆಕರ್ಷಣೆ ಇರುವ ಬಲಗಳಲ್ಲಿ ಇದು ಮರೆತುಹೋಗುತ್ತದೆ.

ಅಭ್ಯಾಸಕ್ಕೆ ಮೊದಲು ಎ ತ್ರಿಜ್ಯದ ಗಟ್ಟಿ ಗೋಳ ಹಿಡಿಯಿರಿ. ಬಿ = ಎ ಕಾಸ್(ಥೀಟಾ/2). ಸೂತ್ರಕ್ಕೆ ಹಾಕಿದರೆ ಎ²/4, ಎಲ್ಲ ದಿಕ್ಕಿಗೂ ಒಂದೇ. 4π ಯಿಂದ ಗುಣಿಸಿದರೆ π ಎ², ಅಂದರೆ ಗೋಳದ ನೆರಳಿನ ವಿಸ್ತೀರ್ಣ. ಇದು ಬರದಿದ್ದರೆ ಸೈ ಮತ್ತು ಥೀಟಾ ಅದಲುಬದಲಾಗಿವೆಯೇ ಎಂದು ಮೊದಲು ನೋಡಿ.

ಆಮೇಲೆ ರುದರ್‌ಫೋರ್ಡ್ ಸ್ಕ್ಯಾಟರಿಂಗ್, ಅಂದರೆ ಎರಡು ಧನ ವಿದ್ಯುದಂಶಗಳ ವಿಕರ್ಷಣೆ: ಯು = ಕೆ/ಆರ್. ಅನುಕಲನದಿಂದ ಬಿ = (ಕೆ/2ಇ) ಕಾಟ್(ಥೀಟಾ/2), ಕ್ರಾಸ್ ಸೆಕ್ಷನ್ (ಕೆ/4ಇ)²/ಸೈನ್⁴(ಥೀಟಾ/2). ಅಂಕಿ ಹಾಕದೆ ಇದು ಮನಸ್ಸಿಗೆ ಇಳಿಯುವುದಿಲ್ಲ. ಆಲ್ಫಾ ಕಣ ಚಿನ್ನದ ಮೇಲೆ ಬಿದ್ದರೆ ಕೆ = 2 × 79 × 1.44 (ಎರಡರ ಪ್ರೋಟಾನ್ ಸಂಖ್ಯೆಗಳು, ಜೊತೆಗೆ ವಿದ್ಯುತ್ ಬಲದ ಸ್ಥಿರಾಂಕ), ಸುಮಾರು 227.5 ಎಂಇವಿ ಫೆಮ್ಟೋಮೀಟರ್. ಇ = 5 ಎಂಇವಿ ಇಟ್ಟರೆ ನೇರಾನೇರ ಬಂದ ಕಣ 45.5 ಫೆಮ್ಟೋಮೀಟರಿಗೆ ನಿಂತು ಹಿಂದಿರುಗುತ್ತದೆ. 90° ತಿರುಗಬೇಕಾದರೆ ಬಿ ಸುಮಾರು 22.8, ಆ ಕಣ ಅತಿ ಹತ್ತಿರ ಬರುವುದು ಸುಮಾರು 55 ಫೆಮ್ಟೋಮೀಟರಿಗೆ. ಬಿ ಮತ್ತು ಅತಿ ಹತ್ತಿರದ ದೂರದ ವ್ಯತ್ಯಾಸ ಕಣ್ಣೆದುರೇ ಇದೆ. ಚಿನ್ನದ ನ್ಯೂಕ್ಲಿಯಸ್ಸಿನ ತ್ರಿಜ್ಯ ಸುಮಾರು 7 ಫೆಮ್ಟೋಮೀಟರ್, ಆದ್ದರಿಂದ ಕಣ ಅದನ್ನು ಮುಟ್ಟುವುದೇ ಇಲ್ಲ, ಬಿಂದು ವಿದ್ಯುದಂಶದ ಸೂತ್ರ ಸಾಕು. 60°ಯಲ್ಲಿ ಸಿಗುವ ಎಣಿಕೆ 120°ಯದ್ದಕ್ಕಿಂತ ಸರಿಯಾಗಿ 9 ಪಟ್ಟು. ರುದರ್‌ಫೋರ್ಡ್ ಅವರ ಸಹೋದ್ಯೋಗಿಗಳಾದ ಗೈಗರ್ ಮತ್ತು ಮಾರ್ಸ್‌ಡೆನ್ 1913ರಲ್ಲಿ ಪರೀಕ್ಷಿಸಿದ್ದು ಈ ಬಗೆಯ ಅನುಪಾತಗಳನ್ನೇ.

ಒಟ್ಟು ಕ್ರಾಸ್ ಸೆಕ್ಷನ್ ಕೇಳಿದರೆ ಅನಂತ ಬರುತ್ತದೆ. ನಿಮ್ಮ ಲೆಕ್ಕ ತಪ್ಪಿಲ್ಲ: 1/ಆರ್ ಎಷ್ಟು ದೂರ ಹೋದರೂ ಮುಗಿಯದು, ದೊಡ್ಡ ಬಿ ಇರುವ ಕಣವೂ ಚೂರು ಬಾಗುತ್ತದೆ. ನಿಜವಾದ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸನ್ನು ಮರೆಮಾಡುವುದರಿಂದ ಹೀಗಾಗುವುದಿಲ್ಲ.

ಕೊನೆಗೆ, ಗುರಿಯೂ ಹಿಮ್ಮೆಟ್ಟುತ್ತದೆ. ಮೇಲಿನ ಎಲ್ಲ ಸೂತ್ರಗಳಲ್ಲಿ ಎಂ ಅಂದರೆ ರೆಡ್ಯೂಸ್ಡ್ ಮಾಸ್ (ಎರಡು ದ್ರವ್ಯರಾಶಿಗಳ ಗುಣಲಬ್ಧ ಭಾಗಿಸು ಅವುಗಳ ಮೊತ್ತ), ಇ ಅಂದರೆ ದ್ರವ್ಯರಾಶಿ ಕೇಂದ್ರದ ಚೌಕಟ್ಟಿನ ಶಕ್ತಿ, ಥೀಟಾ ಕೂಡ ಅಲ್ಲಿಯದೇ. ಚಿನ್ನದ ಮೇಲೆ ಆಲ್ಫಾ ಆದರೆ ಶಕ್ತಿಯ ವ್ಯತ್ಯಾಸ ಶೇಕಡ 2 ಮಾತ್ರ. ಆದರೆ ಸಮ ದ್ರವ್ಯರಾಶಿಯ ಕಣಗಳಾದರೆ ಶಕ್ತಿ ಅರ್ಧ, ಪ್ರಯೋಗಾಲಯದಲ್ಲಿ ಕಾಣುವ ಕೋನವೂ ಅರ್ಧ. ನಿಂತ ಕಣಕ್ಕೆ ಬಡಿದದ್ದು 90° ದಾಟಿ ಹಿಂದಕ್ಕೆ ಬರಲಾರದು. ಪ್ರಶ್ನೆಯಲ್ಲಿ ಕೊಟ್ಟ ಕೋನ ಯಾವ ಚೌಕಟ್ಟಿನದು ಎಂಬುದನ್ನು ಮೊದಲ ಸಾಲಿನಲ್ಲೇ ಬರೆದುಕೊಂಡು ಶುರುಮಾಡಿ.