ತಿನ್ನುವವರಿಗೆ ದಿನದ ಲೆಕ್ಕ ಇದೆ, ಬಿಡಿಸುವವರಿಗೆ?

ಸಿರುಗುಪ್ಪ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳ ಫೋಟೊ ಹಾಕಿ, ಇವರ ಕೈಗೆ ಗ್ಲೌಸೂ ಇಲ್ಲ ಅಂತ ಬರೆದಿರಿ. ನಾನು ಮಾಸ್ಕು, ಗ್ಲೌಸು ತಂದು ಕೊಟ್ಟಿದ್ದೆ. ಅರ್ಧ ತಾಸಿನಲ್ಲಿ ಬದುವಿನ ಮೇಲೆ ಬಿಸಾಕಿದರು. ಗುಳೆ ಬಂದವರಿಗೇ ಬೇಡವಾದರೆ ರೈತ ಏನು ಮಾಡಬೇಕು? ಎಲ್ಲದಕ್ಕೂ ರೈತನನ್ನೇ ಬೈಯುವುದು ಬಿಡಿ."

ಯಜಮಾನ್ರೇ, ನೀವು ತಂದು ಕೊಟ್ಟಿರಲ್ಲ, ಅದಕ್ಕೆ ಮೊದಲು ನಮಸ್ಕಾರ. ತುಂಬಾ ಜನ ಅಷ್ಟೂ ಮಾಡುವುದಿಲ್ಲ. ಥ್ರಿಪ್ಸ್ ಅನ್ನುವ ಸಣ್ಣ ಕೀಟ ಬಿದ್ದರೆ ಗಿಡ ಮುಟುರಿಕೊಳ್ಳುತ್ತದೆ, ಎಣ್ಣೆ, ಅಂದರೆ ಕೀಟನಾಶಕ, ಹೊಡೆಯದಿದ್ದರೆ ಬೆಳೆ ಕೈಗೆ ಬರಲ್ಲ, ಅಂಗಡಿ ಸಾಲ ಬೇರೆ. ಗೊತ್ತಿದೆ. ನಮ್ಮ ಬಿಸಿಲಿಗೆ ರಬ್ಬರ್ ಗ್ಲೌಸು ಹಾಕಿಕೊಂಡು ದಿನವಿಡೀ ಕಾಯಿ ಬಿಡಿಸುವುದು ಯಾರಿಂದಲೂ ಆಗಲ್ಲ, ಅದನ್ನೂ ಒಪ್ಪುತ್ತೇನೆ. ಬೆವರಿಗೆ ಒದ್ದೆಯಾದ ಬಟ್ಟೆ ಮಾಸ್ಕಂತೂ ವಿಷ ಹೀರಿಕೊಂಡು ಮೂಗಿಗೇ ಅಂಟಿಕೊಂಡಿರುತ್ತದೆ.

ಆದರೆ ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ. ಆ ಹೆಣ್ಣುಮಕ್ಕಳು ಹೊಲಕ್ಕೆ ಇಳಿಯುವ ಎಷ್ಟು ದಿನ ಮೊದಲು ಎಣ್ಣೆ ಹೊಡೆದಿತ್ತು? ಹೊಡೆದಿದ್ದು ಯಾವುದು? ಅದನ್ನ ಅವರಿಗೆ ಯಾರಾದರೂ ಹೇಳಿದರಾ?

ಡಬ್ಬಿ ಜತೆ ಒಂದು ಮಡಚಿದ ಚೀಟಿ ಬರುತ್ತದೆ, ಬಿಚ್ಚಿ ನೋಡಿ. ಕೊನೆಯ ಸಿಂಪಡಣೆ ಆದ ಮೇಲೆ ಇಂತಿಷ್ಟು ದಿನ ಬಿಟ್ಟು ಕೊಯ್ಲು ಮಾಡಿ ಅಂತ ಬೆಳೆವಾರು ಲೆಕ್ಕ ಇರುತ್ತದೆ. ಅದು ತಿನ್ನುವವರ ಸಲುವಾಗಿ ಹಾಕಿದ ಲೆಕ್ಕ. ಕಾಯಿ ಹೊರದೇಶಕ್ಕೆ ಹೋಗುವುದಾದರೆ ಲ್ಯಾಬಿನಲ್ಲಿ ಪರೀಕ್ಷೆಯೂ ಇದೆ, ವಿಷದ ಅಂಶ ಜಾಸ್ತಿ ಅಂದರೆ ಮಾಲು ವಾಪಸ್. ಅದೇ ಕಾಯಿಯನ್ನ ಬರಿಗೈಯಲ್ಲಿ ಬೆಳಗಿನಿಂದ ಸಂಜೆವರೆಗೆ ಮುಟ್ಟಿದವಳನ್ನ ಯಾರು ಪರೀಕ್ಷೆ ಮಾಡಿದರು? ಕಳೆ ತೆಗೆಯುವವರ ಗತಿ ಇನ್ನೂ ಕಷ್ಟ. ಕೊಯ್ಲಿಗಾದರೂ ದಿನದ ಲೆಕ್ಕ ಇದೆ. ಕಳೆಗೆ ಅದನ್ನೂ ಯಾರೂ ನೋಡಲ್ಲ, ನಿನ್ನೆ ಹೊಡೆದ ಸಾಲಿಗೆ ಇವತ್ತು ಕೂಲಿಯವರು ಇಳಿದಿರುತ್ತಾರೆ.

ಸಿಂಧನೂರು ಹತ್ತಿರದ ಒಂದು ಹೊಲದಲ್ಲಿ ನಾನೇ ನೋಡಿದ್ದು ಇದು. ದೇವದುರ್ಗ ಕಡೆಯಿಂದ ಟಂಟಂನಲ್ಲಿ ಬಂದ ಗುಂಪು. ಜಾಲಿ ಗಿಡಕ್ಕೆ ಸೀರೆ ಕಟ್ಟಿ ಕೂಸನ್ನ ಮಲಗಿಸಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಇದ್ದದ್ದು ಒಂದೇ ಕೊಡ ನೀರು, ಅದೂ ಕುಡಿಯಲಿಕ್ಕೆ. ಒಬ್ಬಾಕೆ ಕೈಯನ್ನ ಸೆರಗಿಗೆ ಒರೆಸಿಕೊಂಡು ರೊಟ್ಟಿ ಮುರಿದಳು. ಆ ಸೆರಗು ಬೆಳಗಿನಿಂದ ಗಿಡಕ್ಕೆ ಸವರುತ್ತಲೇ ಇತ್ತು, ಎಲೆ ಮೇಲಿದ್ದ ಬಿಳಿ ಕಲೆ ಅದಕ್ಕೂ ಹತ್ತಿತ್ತು. ಕೈ ಉರಿಯಲ್ವೇನಮ್ಮ ಅಂದೆ. "ಮೆಣಸಿನಕಾಯಿ ಅಲ್ಲೇನ್ರಿ, ಉರಿಯೋದ ಐತಿ" ಅಂದಳು. ಎಣ್ಣೆ ಯಾವಾಗ ಹೊಡೆದಿದ್ದು ಅಂದರೆ, "ನಮಗ್ಯಾರ್ ಹೇಳ್ತಾರ್ರಿ? ಮೇಸ್ತ್ರಿ ಕರದ, ಬಂದೀವಿ."

ಕಾಯಿಯ ಉರಿಯ ಹಿಂದೆ ಎಣ್ಣೆಯ ಉರಿ ಅಡಗಿ ಕೂತಿರುತ್ತದೆ. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ಮೂಗಿಗಷ್ಟೇ ಕಾಯುವುದಿಲ್ಲ, ಚರ್ಮದಿಂದಲೇ ಒಳಗೆ ಇಳಿಯುತ್ತವೆ, ನರಗಳಿಗೆ ಬೇಕಾದ ಒಂದು ಕಿಣ್ವವನ್ನ ಕಟ್ಟಿಹಾಕುತ್ತವೆ. ತಲೆನೋವು, ವಾಕರಿಕೆ, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ಜಾಸ್ತಿಯಾದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣಗಾಗುತ್ತದೆ. ಇದಕ್ಕೆ ಅಟ್ರೋಪಿನ್ ಅನ್ನುವ ಮದ್ದು ಇದೆ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ. ಆದರೆ ಗುಡಿಸಲಲ್ಲಿ ಅದನ್ನ ಬಿಸಿಲು ಬಡಿದಿದೆ ಅಂದುಕೊಂಡು ಮಲಗಿಬಿಡುತ್ತಾರೆ. ಆಸ್ಪತ್ರೆಗೆ ಹೋದರೂ ಯಾವ ಎಣ್ಣೆ ಅಂತ ಹೇಳಲಿಕ್ಕೆ ಡಬ್ಬಿ ಅವರ ಹತ್ತಿರ ಇರುವುದಿಲ್ಲ, ಅದು ಯಜಮಾನರ ಮನೆಯಲ್ಲಿರುತ್ತದೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಏನಾಯಿತು, ನೆನಪಿದೆಯಾ? ಗಿಡ ಆಳೆತ್ತರ ಬೆಳೆದಿತ್ತು. ಹೊಡೆದ ಎಣ್ಣೆ ಹೊಡೆದವರ ಮುಖಕ್ಕೇ ಬಂತು. ಆ ಒಂದೇ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಕೂಲಿಗೆ ಹೊಡೆಯಲು ಹೋದವರೂ ಇದ್ದರು. ನಮ್ಮ ರಾಯಚೂರಿನದೂ ಹತ್ತಿ ಸೀಮೆಯೇ ಅಲ್ವಾ?

ಕಾನೂನು ಇಲ್ಲ ಅನ್ನಬೇಡಿ. 1968ರ ಕೀಟನಾಶಕ ಕಾಯ್ದೆ ಇದೆ. ಎಣ್ಣೆ ಹೊಡೆಯುವ ಕೆಲಸದವರನ್ನ ಮೊದಲೇ ಒಮ್ಮೆ, ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸಬೇಕು ಅಂತ 1971ರ ನಿಯಮಗಳಲ್ಲಿದೆ. ಇಷ್ಟು ವರ್ಷ ಹೊಲ ಸುತ್ತಿದ್ದೇನೆ, ಹಾಗೆ ತೋರಿಸಿಕೊಂಡ ಒಬ್ಬನೇ ಒಬ್ಬ ಕೂಲಿ ನನಗೆ ಸಿಕ್ಕಿಲ್ಲ. ವಲಸೆ ಕಾರ್ಮಿಕರಿಗೆ ಅಂತ 1979ರಲ್ಲಿ ಕಾಯ್ದೆ ಬಂತು. ಅದು ಇದ್ದದ್ದು ರಾಜ್ಯದ ಗಡಿ ದಾಟಿದವರಿಗೆ. ದೇವದುರ್ಗದಿಂದ ಸಿರುಗುಪ್ಪಕ್ಕೆ ಗುಳೆ ಬಂದವಳು ಆ ಲೆಕ್ಕಕ್ಕೂ ಬರಲಿಲ್ಲ.

ಅಮೆರಿಕದಲ್ಲಿ ಸೀಸರ್ ಚಾವೇಜ್ ಅನ್ನುವ ನಾಯಕ ದ್ರಾಕ್ಷಿ ತೋಟದ ಕೂಲಿಗಳಿಗೆ ತಗಲುವ ವಿಷದ ವಿರುದ್ಧ 1988ರಲ್ಲಿ 36 ದಿನ ಉಪವಾಸ ಕೂತರು. 1992ರಲ್ಲಿ ಅಲ್ಲಿನ ಸರ್ಕಾರ ದೇಶಕ್ಕೆಲ್ಲ ನಿಯಮ ಬಿಗಿ ಮಾಡಿತು: ಹೊಡೆದ ಮೇಲೆ ಇಂತಿಷ್ಟು ಹೊತ್ತು ಕೂಲಿಗಳು ತೋಟಕ್ಕೆ ಕಾಲಿಡುವಂತಿಲ್ಲ. ಅಂಥ ತೋಟಕ್ಕೆ ಹಾಕುವ ಬೋರ್ಡಿನಲ್ಲಿ ಅಂಗೈ ಎತ್ತಿ ತಡೆಯುವ ಮನುಷ್ಯನ ಚಿತ್ರ. ಕೆಳಗೆ ಇಂಗ್ಲಿಷಿನ ಜತೆ ಸ್ಪ್ಯಾನಿಷ್, ಮೆಕ್ಸಿಕೊದಿಂದ ಬಂದವರಿಗೆ ತಿಳಿಯಲಿ ಅಂತ. ಅಲ್ಲೂ ಎಲ್ಲ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಬಿಡಿಸುವವರಿಗೂ ಒಂದು ಲೆಕ್ಕ ಇದೆ.

ನಮ್ಮ ಮಾತಿನಲ್ಲೇ ಆ ಎಚ್ಚರ ಇಲ್ಲ. ವಿಷಕ್ಕೆ ಎಣ್ಣೆ ಅಂತೀವಿ, ಔಷಧ ಅಂತೀವಿ. ಕೃಷಿ ಮೇಳಕ್ಕೆ ಹೋಗಿ, ಒಂದು ಟ್ಯಾಂಕಿಗೆ ಎಷ್ಟು ಎಂಎಲ್ ಅಂತ ಎಲ್ಲರೂ ಹೇಳುತ್ತಾರೆ. ಮರುದಿನ ಆ ಸಾಲಿನಲ್ಲಿ ಯಾರು ಬಗ್ಗಿ ಕೂರುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಗುಳೆ ಬಂದವರ ಓಟು ಈ ಊರಲ್ಲಿಲ್ಲ, ರೇಷನ್ ಕಾರ್ಡು ಇನ್ನೆಲ್ಲೋ. ಹಾಗಾಗಿ ಗ್ರಾಮಸಭೆಯಲ್ಲಿ ಅವರ ಹೆಸರೂ ಬರಲ್ಲ. ಖಾಲಿ ಡಬ್ಬಿ ತೊಳೆದು ಅದರಲ್ಲೇ ನೀರು ತುಂಬಿಕೊಂಡು ಬರುತ್ತಾರೆ. ನೋಡಿದವರೂ ಬೇಡ ಅನ್ನದೆ ಸುಮ್ನೆ ಹೋಗುತ್ತಾರೆ.

ಯಜಮಾನ್ರೇ, ನಿಮ್ಮ ಪತ್ರದಲ್ಲಿ ಸಿಟ್ಟಿದ್ದರೂ ಕಾಳಜಿ ಇದೆ, ಅದಕ್ಕೇ ಇಷ್ಟುದ್ದ ಬರೆದೆ. ಗ್ಲೌಸು ಬಿಡಿ. ಎಣ್ಣೆ ಹೊಡೆದ ದಿನ ಹೊಲದ ಮೂಲೆಯಲ್ಲಿ ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ, ಆ ಬಟ್ಟೆ ಇರುವವರೆಗೆ ಕೂಲಿಯವರನ್ನ ಇಳಿಸಬೇಡಿ. ಯಾವ ಎಣ್ಣೆ, ಯಾವತ್ತು ಅಂತ ಮೇಸ್ತ್ರಿಗೆ ಬರೆದುಕೊಡಿ. ಕೈ ತೊಳೆಯಲು ಬೇರೆ ಒಂದು ಡ್ರಮ್ ನೀರು, ಒಂದು ಸೋಪು ಇಡಿ. ಈ ಸಲದ ಮೊದಲ ಬಿಡಿಸುವಿಕೆ ಮುಗಿದ ಮೇಲೆ ಏನಾಯಿತು ಅಂತ ಮತ್ತೆ ಬರೆಯಿರಿ, ಅದನ್ನೂ ಇಲ್ಲೇ ಹಾಕುತ್ತೇವೆ.

— ಸಂ.