ಇಮ್ಯೂನಿಟಿ ದೇಹದಲ್ಲಿ ಎಲ್ಲಿರುತ್ತದೆ? ಕಣ್ಣಿಗೆ ಕಾಣುತ್ತದಾ?

ಎಲ್ಲರೂ ಇಮ್ಯೂನಿಟಿ ಇಮ್ಯೂನಿಟಿ ಅಂತಾರೆ, ಅದು ಮೈಯಲ್ಲಿ ಎಲ್ಲಿದೆ, ಕಾಣುವಂಥದ್ದಾ, ಜಾಸ್ತಿ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ನಾನಂತೂ ಕಂಡಿದ್ದೇನೆ. ಕೈಯಿಂದ ಮುಟ್ಟಿಯೂ ನೋಡಿದ್ದೇನೆ. ಹೋದ ವರ್ಷ ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ) ಸಮಯದಲ್ಲಿ, ನನ್ನ ತೊಡೆಸಂದಿಯಲ್ಲೇ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಸಕಲೇಶಪುರದ ಹತ್ತಿರ ಮೂರು ಎಕರೆ ಕಾಫಿ ಇದೆ. ಕಡಿದು ಕೆಡವಿದ್ದ ಹಾಲವಾಣದ ಕೊಂಬೆ ತುಳಿದೆ. ಹವಾಯಿ ಚಪ್ಪಲಿ ತೂರಿಕೊಂಡು ಮುಳ್ಳು ಅಂಗಾಲಿಗೆ ಇಳಿಯಿತು. ಕಿತ್ತು ಬಿಸಾಕಿ ಕೆಲಸ ಮುಂದುವರಿಸಿದೆ. ತುದಿ ಒಳಗೇ ಮುರಿದಿತ್ತು, ಗೊತ್ತಾಗಲಿಲ್ಲ.

ಸಂಜೆ ಹೊತ್ತಿಗೆ ಆ ಜಾಗ ಕೆಂಪಾಯಿತು, ಬಿಸಿಯಾಯಿತು, ಊದಿತು, ನೋಯತೊಡಗಿತು. ಇದನ್ನೇ ನಾವು ಕಾಯಿಲೆ ಅಂದುಕೊಳ್ಳುತ್ತೇವೆ, ಅಲ್ವಾ? ಇದು ನಮ್ಮ ಕಡೆಯವರ ಕೆಲಸ. ಗಾಯದ ಜಾಗದ ಜೀವಕೋಶಗಳು ಒಂದಷ್ಟು ರಾಸಾಯನಿಕ ಬಿಡುತ್ತವೆ. ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲಾಗುತ್ತದೆ. ರಕ್ತ ಜಾಸ್ತಿ ಹರಿದಿದ್ದಕ್ಕೆ ಕೆಂಪು ಮತ್ತು ಬಿಸಿ. ನೀರು ಸೋರಿದ್ದಕ್ಕೆ ಊತ. ಆ ಸಡಿಲಾದ ಗೋಡೆಯಿಂದ ಬಿಳಿ ರಕ್ತಕಣಗಳು ನುಸುಳಿ ಬರುತ್ತವೆ. ಮೊದಲು ಓಡಿ ಬರುವುದು ನ್ಯೂಟ್ರೋಫಿಲ್ ಅನ್ನುವ ಜಾತಿ. ರೋಗಾಣುಗಳನ್ನು ನುಂಗುತ್ತವೆ, ಅಲ್ಲೇ ಸಾಯುತ್ತವೆ. ಕೀವು ಅಂದರೆ ಬಹುಪಾಲು ಅವುಗಳ ಹೆಣದ ರಾಶಿ. ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಹೊಸ ನ್ಯೂಟ್ರೋಫಿಲ್ ತಯಾರಿಸುತ್ತದೆ, ಹಾಗಾಗಿ ಸತ್ತರೂ ಚಿಂತೆಯಿಲ್ಲ. (ಮೂರನೇ ದಿನ ನಾನು ಕೀವನ್ನು ಒತ್ತಿ ತೆಗೆದೆ. ನೀವು ಹಾಗೆ ಮಾಡಬೇಡಿ.)

ಮುಳ್ಳಿನ ವಿಷಯ ಬಂತಲ್ಲ, ಇದೊಂದು ಹೇಳದಿದ್ದರೆ ಆಗದು. ಈ ನುಂಗುವ ಕಣಗಳ ಕೆಲಸ ಮನುಷ್ಯನಿಗೆ ಹೊಳೆದದ್ದೂ ಮುಳ್ಳಿನಿಂದಲೇ. 1882ರಲ್ಲಿ ಇಲ್ಯಾ ಮೆಚ್ನಿಕಾಫ್ ಅನ್ನುವ ವಿಜ್ಞಾನಿ ಇಟಲಿಯ ಮೆಸ್ಸಿನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದ ದಿನ ಅವರು ಗುಲಾಬಿ ಮುಳ್ಳು ತಂದು ನಕ್ಷತ್ರಮೀನಿನ ಮರಿಗಳಿಗೆ ಚುಚ್ಚಿದರು. ಆ ಮರಿಗಳ ಮೈ ಗಾಜಿನ ಹಾಗೆ, ಒಳಗಿನದೆಲ್ಲ ಕಾಣುತ್ತದೆ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು. ನೌಕರಿಯಲ್ಲಿದ್ದಾಗ ಈ ಕಥೆ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು.

ನಾಲ್ಕನೇ ದಿನ ತೊಡೆಸಂದಿಯಲ್ಲಿ ಅಡಿಕೆ ಗಾತ್ರದ ಗಂಟು ಕೈಗೆ ಸಿಕ್ಕಿತು. ಮುಳ್ಳು ಚುಚ್ಚಿದ್ದು ಅಂಗಾಲಿಗೆ, ಗಂಟು ಇಲ್ಲಿ! ಅದು ದುಗ್ಧಗ್ರಂಥಿ (ಲಿಂಫ್ ನೋಡ್). ಅಂಥವು ಮೈಯಲ್ಲಿ ನೂರಾರು ಇವೆ. ಕುತ್ತಿಗೆ, ಕಂಕುಳು, ತೊಡೆಸಂದಿಯವು ಊದಿದರೆ ಕೈಗೆ ಸಿಗುತ್ತವೆ. ಗಾಯದ ಜಾಗದಿಂದ ರೋಗಾಣುವಿನ ಚೂರುಗಳನ್ನು ಕೆಲವು ಕಣಗಳು ಇಲ್ಲಿಗೆ ಹೊತ್ತು ತಂದು ತೋರಿಸುತ್ತವೆ. ಇಲ್ಲಿರುವ, ಬಿಳಿ ರಕ್ತಕಣಗಳದ್ದೇ ಇನ್ನೊಂದು ಜಾತಿಯಾದ ಒಂದೊಂದು ಲಿಂಫೋಸೈಟ್‌ಗೂ ಒಂದೇ ಒಂದು ಆಕಾರ ಗುರುತು ಹಿಡಿಯಲು ಬರುತ್ತದೆ. ಕೀಲಿ ಗೊಂಚಲಿನಲ್ಲಿ ಬೀಗಕ್ಕೆ ಹೊಂದುವ ಕೀಲಿ ಹುಡುಕಿದ ಹಾಗೆ. ಯಾವ ಕಣಕ್ಕೆ ಆ ಚೂರು ಹೊಂದುತ್ತದೋ ಅದು ಒಂದು ಎರಡಾಗಿ, ಸಾವಿರವಾಗಿ ಹೆಚ್ಚುತ್ತದೆ. ಆ ಗದ್ದಲಕ್ಕೇ ಗ್ರಂಥಿ ಊದುವುದು. ಕೆಲವು ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸುತ್ತವೆ. ಕೆಲವು ನೆನಪಿಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಮೊದಲ ಸಲ ಇಷ್ಟಕ್ಕೆಲ್ಲ ಒಂದು ವಾರವೋ ಹೆಚ್ಚೋ ಬೇಕು. ಅದೇ ರೋಗಾಣು ಮತ್ತೆ ಬಂದರೆ ಕೆಲಸ ಬೇಗ ಮುಗಿಯುತ್ತದೆ.

ಇನ್ನು ಜಾಸ್ತಿ ಮಾಡಿಕೊಳ್ಳೋದು. ಈ ಪ್ರಶ್ನೆಯೇ ನನಗೆ ಸರಿ ಕಾಣೋದಿಲ್ಲ. ಇಂಬಳ ಕಚ್ಚಿ ಬಿಟ್ಟುಹೋದ ಮೇಲೂ ಮೂರು ದಿನ ಕೆರೆಯುತ್ತದಲ್ಲ, ಅದರ ಜೊಲ್ಲಿನ ಮೇಲೆ ನಮ್ಮ ರಕ್ಷಣಾ ವ್ಯವಸ್ಥೆ ರೇಗಿರುವುದಕ್ಕೆ ಆ ಕೆರೆತ. ಅಲರ್ಜಿಯೂ ಹೀಗೇ. ಜಾಸ್ತಿ ಆದರೂ ಕಷ್ಟವೇ. ನಿದ್ದೆ, ಊಟ ಸರಿಯಾಗಿರಲಿ, ಬೀಡಿ ಸಿಗರೇಟು ಬೇಡ. ಬೂಸ್ಟರ್ ಅಂತ ಮಾರುವ ಪುಡಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಆ ಹೆಸರಿಗೆ ನಿಜವಾಗಿ ತಕ್ಕದ್ದು ಲಸಿಕೆ.

ಡಾಕ್ಟರು ಮುಳ್ಳಿನ ತುದಿ ತೆಗೆದವರೇ ಧನುರ್ವಾಯು ತಡೆಯುವ ಟಿಟಿ ಲಸಿಕೆ ಹಾಕಿದರು. ಯಾಕೆಂದರೆ ಧನುರ್ವಾಯುವಿನ ವಿಷ ಎಷ್ಟು ಘೋರ ಅಂದರೆ, ಜೀವ ತೆಗೆಯುವಷ್ಟು ವಿಷವೂ ದೇಹ ಗುರುತು ಹಿಡಿದು ನೆನಪಿಡಲು ಸಾಲುವುದಿಲ್ಲ. ಆ ಕಾಯಿಲೆ ಬಂದು ಬದುಕಿದವರಿಗೂ ಲಸಿಕೆ ಹಾಕಬೇಕಾಗುತ್ತದೆ. ವಿಷದ ಕೊಂಬು ಮುರಿದು, ಬೇಕಾದಷ್ಟು ತೋರಿಸುವುದು ಲಸಿಕೆ ಮಾತ್ರ.

ನನ್ನ ಗಂಟು ಮೂರು ವಾರಕ್ಕೆ ಕರಗಿತು. ನೀವು ನಿಮ್ಮದನ್ನು ಮುಟ್ಟಿ ನೋಡುವಾಗ ಗಾಯ, ಜ್ವರ ಏನೂ ಇಲ್ಲದೆ ಗಟ್ಟಿ ಗಂಟು ಸಿಕ್ಕಿದರೆ, ಅಥವಾ ತಿಂಗಳಾದರೂ ಇಳಿಯದಿದ್ದರೆ, ಇಲ್ಲಿ ಕೇಳುತ್ತಾ ಕೂರಬೇಡಿ. ಡಾಕ್ಟರಿಗೆ ತೋರಿಸಿ.